ಕನ್ನಡಕ ತೆಗೆಯುವ ಡಾಕ್ಟರು

ನಮ್ಮ ಭಾವ ಜೀವಮಾನವೆಲ್ಲ ಆಪರೇಷನ್ ಥಿಯೇಟರಿನ ಬಾಗಿಲಿನಿಂದ ಹೊರಗೆ ಬಂದದ್ದೇ ಬಂದದ್ದು. ಒಳಗೆ ಹೋದದ್ದು ಒಂದು ಸಲವೂ ಇಲ್ಲ. ಸಿನಿಮಾದಲ್ಲಿ ಡಾಕ್ಟರು ಬೇಕೆಂದರೆ ಇವರಿಗೇ ಹೇಳಿಕಳಿಸುತ್ತಿದ್ದರು. ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನಾಲಿಗೆ ಚಾಚಿ ತೋರಿಸುತ್ತಿದ್ದರು. "ನಾನು ಡಾಕ್ಟರಲ್ಲಪ್ಪ" ಅನ್ನಬೇಕೋ ಬೇಡವೋ ಈ ಮನುಷ್ಯ? ಅನ್ನುತ್ತಿರಲಿಲ್ಲ. ನಾಲಿಗೆಯನ್ನು ಗಂಭೀರವಾಗಿ ನೋಡಿ, "ನೀರು ಜಾಸ್ತಿ ಕುಡೀರಿ" ಅನ್ನುತ್ತಿದ್ದರು. ಕೇಳಿದರೆ, ನೀರು ಕುಡಿದು ಕೆಟ್ಟವರು ಯಾರಿದ್ದಾರೆ ಎಂದು ನನಗೇ ತಿರುಗಿಸಿ ಕೇಳುತ್ತಿದ್ದರು.

ನನಗೆ ಅವರನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಮ್ಮ ಬೇಗ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅಂಥವಳು ನಾಟಕದವನನ್ನು ಮದುವೆಯಾಗುತ್ತೇನೆ ಅಂದರೆ ಯಾವ ತಮ್ಮನಿಗೆ ಸರಿಹೋಗುತ್ತದೆ? ಅಕ್ಕ ಹಗಲು ಒಂದು ಆಫೀಸಿನಲ್ಲಿ ಟೈಪಿಸ್ಟ್. ಸಂಜೆ ನಾಟಕ ತಂಡಕ್ಕೆ ಹಸ್ತಪ್ರತಿ ಟೈಪು ಮಾಡಿಕೊಡುತ್ತಿದ್ದಳು. ಟೈಪು ಮಾಡಿದ್ದೆಲ್ಲ ಅವಳಿಗೆ ಬಾಯಿಪಾಠ. ಹಾಗಾಗಿ ಪ್ರದರ್ಶನದ ದಿನ ಪಕ್ಕದ ಪರದೆಯ ಹಿಂದೆ ಸ್ಟೂಲು ಹಾಕಿ ಅವಳನ್ನೇ ಕೂರಿಸುತ್ತಿದ್ದರು. ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸ.

ಭಾವ ಆ ತಂಡದ ನಾಯಕನಟ. ಎತ್ತರದ ಆಳು, ಕೊನೆಯ ಸಾಲಿಗೂ ಕೇಳುವ ಕಂಠ, ನೆನಪಿನ ಶಕ್ತಿ ಮಾತ್ರ ಶುದ್ಧ ಜರಡಿ. ಪ್ರತಿ ದೃಶ್ಯದಲ್ಲೂ ಬಾಯಿ ತೆರೆದು ನಿಂತುಬಿಡುತ್ತಿದ್ದರು. ಅಕ್ಕ ಪರದೆಯ ಹಿಂದಿನಿಂದ ಮೊದಲ ಪದ ಹೇಳಿದರೆ ಸಾಕು, ಮಿಕ್ಕಿದ್ದೆಲ್ಲ ನಲ್ಲಿ ತಿರುಗಿಸಿದ ಹಾಗೆ ಸುರಿಯುತ್ತಿತ್ತು. ಒಂದು ದಿನ ನಾಟಕ ಮುಗಿದ ಮೇಲೆ ಆ ಸ್ಟೂಲಿನ ಮುಂದೆ ಬಂದು ಬೆವರುತ್ತ ನಿಂತರಂತೆ. ಬಾಯಿ ತೆರೆದಿದೆ, ಮಾತಿಲ್ಲ. ಅಕ್ಕ ನೋಡುವಷ್ಟು ನೋಡಿ, "ನನ್ನ ಮದುವೆ ಆಗ್ತೀಯಾ" ಎಂದು ಅವರ ಸಾಲನ್ನು ತಾನೇ ಎತ್ತಿಕೊಟ್ಟಳು. ಇವರು ಅದನ್ನೇ ಹಾಗೆಯೇ ಒಪ್ಪಿಸಿದರು. ಆಗಲೂ ಅಕ್ಷರ ಅಕ್ಷರವೂ ಅಕ್ಕನದೇ, ಭಾವನದು ಬರೀ ಕಂಠ.

ಸಿನಿಮಾಕ್ಕೆ ಹೋದಾಗ ಫಜೀತಿಯಾಯಿತು. ಅಲ್ಲಿ ಪರದೆಯೂ ಇಲ್ಲ, ಸ್ಟೂಲೂ ಇಲ್ಲ. ಮೊದಲ ಚಿತ್ರದಲ್ಲಿ ಕೊಟ್ಟಿದ್ದ ಉದ್ದದ ಮಾತು ಎಷ್ಟು ಸಲ ತೆಗೆದರೂ ಬರಲಿಲ್ಲ. ನಿರ್ದೇಶಕರು ತಲೆ ಚಚ್ಚಿಕೊಂಡು, "ಹೋಗ್ಲಿ, ಒಂದು ಬಿಳಿ ಕೋಟು ಹಾಕಿ, ಬಾಗಿಲಿಂದ ಆಚೆ ಬಂದು 'ಕ್ಷಮಿಸಿ' ಅನ್ಲಿ ಸಾಕು" ಅಂದರು. ಭಾವ ಬಂದರು. ಕನ್ನಡಕ ತೆಗೆದರು. ನೆಲ ನೋಡಿದರು. ಎಷ್ಟೋ ಹೊತ್ತಿನ ಮೇಲೆ "ಕ್ಷಮಿಸಿ" ಅಂದರು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತೂ ಅವರು ಆ ಒಂದು ಪದವನ್ನು ಹುಡುಕುತ್ತಿದ್ದರು. ಆದರೆ ಸೆಟ್ಟಿನಲ್ಲಿದ್ದವರೆಲ್ಲ ಕಣ್ಣು ಒರೆಸಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ.

ನನ್ನದು ಕನ್ನಡಕದ ಅಂಗಡಿ. ಭಾವ ಪ್ರತಿ ಚಿತ್ರಕ್ಕೂ ಮೊದಲು ಅಲ್ಲಿಗೆ ಬಂದು ಗಂಟೆಗಟ್ಟಲೆ ಕನ್ನಡಿಯ ಮುಂದೆ ಫ್ರೇಮು ಹಾಕಿ, ತೆಗೆದು, ನನ್ನ ಗಿರಾಕಿಗಳನ್ನೆಲ್ಲ ಅಳಿಸಿ ಕಳಿಸುತ್ತಿದ್ದರು. ರೋಗಿ ಬದುಕಿದರೆ ಮುಖದ ಮಾಸ್ಕು ಇಳಿಸುವುದು, ಸತ್ತರೆ ಕನ್ನಡಕ ತೆಗೆಯುವುದು. ಇಷ್ಟೇ ಅವರ ಕಸುಬು.

"ಹೇಳ್ಬಿಟ್ರೆ ಮುಗೀತು ಕಣೋ. ಹೇಳೋಕೆ ಮುಂಚೆ ನಿಲ್ತೀನಲ್ಲ, ಅದರಲ್ಲಿರೋದು ನಟನೆ" ಅನ್ನುತ್ತಿದ್ದರು.

"ನಿಂತ್ಕೊಳ್ಳಿ, ನಿಂತ್ಕೊಳ್ಳಿ. ಅಂಗಡಿ ಬಾಗಿಲಿಗೆ ಅಡ್ಡ ಮಾತ್ರ ನಿಂತ್ಕೋಬೇಡಿ" ಅನ್ನುತ್ತಿದ್ದೆ ನಾನು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ಆಗಲೇಬೇಕು ಅಂದರು. ಇವರಿಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ. ಹಾಲಿನವನ ಹತ್ತಿರ ಏನು ಮಾತಾಡಬೇಕೆಂಬುದನ್ನೂ ಅಕ್ಕ ಹೇಳಿಕೊಟ್ಟು ಕಳಿಸುತ್ತಿದ್ದ ಮನೆ ಅದು. ಅಕ್ಕ ಉಳಿಯದಿದ್ದರೆ ಈ ಮನುಷ್ಯನ ಗತಿ ಏನು? ನನ್ನ ಗತಿ ಏನು? ಆಪರೇಷನ್ ದಿನ ಅಕ್ಕ ಮಾತ್ರ ಗಾಲಿಮಂಚದ ಮೇಲೆ ಮಲಗಿಕೊಂಡೇ ಗಂಡನಿಗೆ, "ರೀ, ಸುಮ್ನೆ ಬೆಂಚಲ್ಲಿ ಕೂತ್ಕೊಳ್ಳಿ. ಡಾಕ್ಟರಿಗೆ ಡಾಕ್ಟರ್ ಪಾರ್ಟ್ ಹೇಳ್ಕೊಡೋಕೆ ಹೋಗ್ಬೇಡಿ" ಅಂದಳು. ಭಾವ ಏನೋ ಹೇಳಲು ಬಾಯಿ ತೆರೆದರು. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿಕೊಂಡಿತು.

ಗೋಡೆಗೆ ಹಸಿರು ಬೆಂಚು, ಬಾಗಿಲ ಮೇಲೆ ಕೆಂಪು ದೀಪ, ಮೂಲೆಯಲ್ಲಿ ತೊಟ್ಟಿಕ್ಕುವ ನೀರಿನ ಫಿಲ್ಟರು. ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಭಾವನನ್ನು ಗುರುತು ಹಿಡಿದು ಎದ್ದು ಬಂದಳು. "ಡಾಕ್ಟ್ರೇ, ನಮ್ಮೆಜಮಾನ್ರಿಗೆ ಹೇಗಿದೆ?" ಅಂದಳು. ಈಗ ನೀರು ಕುಡಿಸುತ್ತಾರೆ ಅಂದುಕೊಂಡೆ.

"ನಾನು ಡಾಕ್ಟರಲ್ಲಮ್ಮ. ನಿಮ್ಮ ಥರಾನೇ ಕಾಯ್ತಾ ಇದೀನಿ" ಅಂದರು ಭಾವ. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನನಗೆ ಅವರ ಮೇಲಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ದೀಪ ಆರಿತು. ಡಾಕ್ಟರು ಹೊರಗೆ ಬಂದರು. ಬಾಗಿಲಲ್ಲೇ ನಿಂತರು. ಕನ್ನಡಕ ತೆಗೆದರು. ತಲೆ ತಗ್ಗಿಸಿದರು.

ಭಾವ ನನ್ನ ಮುಂಗೈ ಹಿಡಿದುಕೊಂಡು, "ಹೋದ್ಲು ಕಣೋ" ಅಂದವರೇ ಬೆಂಚಿನಿಂದ ಜಾರಿ ನೆಲಕ್ಕೆ ಕುಸಿದರು. ನಾನೂ ಗೋಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಕೋಟಿನ ತುದಿಯಲ್ಲಿ ಗಾಜು ಒರೆಸಿ, ಹಾಕಿಕೊಂಡು, ನಮ್ಮಿಬ್ಬರನ್ನೂ ನೋಡಿ ಗಾಬರಿಯಾದರು.

"ಯಾಕ್ರೀ, ಏನಾಯ್ತು? ಅವ್ರು ಚೆನ್ನಾಗಿದಾರೆ. ಮಾಸ್ಕ್ ಹಾಕಿದ್ರೆ ಕನ್ನಡಕಕ್ಕೆ ಆವಿ ಕಟ್ಟತ್ತೆ, ಏನೂ ಕಾಣ್ತಿರ್ಲಿಲ್ಲ."

ಹುಟ್ಟಿದಾಗಿನಿಂದ ಕನ್ನಡಕ ಮಾರುವ ನನಗೆ ಇಷ್ಟು ಹೊಳೆಯಬೇಡವೇ? ಭಾವನ ಸಹವಾಸದಲ್ಲಿ ಬುದ್ಧಿ ಮಣ್ಣು ತಿಂದಿತ್ತು. ಭಾವ ನೆಲದ ಮೇಲೆ ಕೂತೇ ರೇಗಿದರು.

"ಅದನ್ನ ಮೊದ್ಲೇ ಹೇಳೋಕೇನ್ರೀ ನಿಮಗೆ?"

"ನಾನಿನ್ನೂ ಬಾಯೇ ಬಿಟ್ಟಿರಲಿಲ್ವಲ್ಲ" ಅಂದರು ಡಾಕ್ಟರು.

"ಅದನ್ನೇ ನಾನೂ ಹೇಳ್ತಿರೋದು."

ಅಂದಿನಿಂದ ಸಿನಿಮಾದಲ್ಲೂ ಭಾವ ಬಾಗಿಲು ತಳ್ಳುತ್ತಲೇ ವಿಷಯ ಹೇಳಿಬಿಡುತ್ತಾರೆ. ಸ್ವಲ್ಪ ನಿಲ್ಲಿ ಎಂದು ನಿರ್ದೇಶಕರು ಗೋಗರೆದರೂ ನಿಲ್ಲುವುದಿಲ್ಲ. ಕಾಯುವವರನ್ನು ಕಾಯಿಸಬಾರದು ಅನ್ನುತ್ತಾರೆ. ಎರಡು ಮೂರು ಪಾತ್ರಗಳು ಕೈತಪ್ಪಿದವು. ತಪ್ಪಲಿ ಬಿಡಿ, ನನ್ನ ಫ್ರೇಮುಗಳಾದರೂ ಉಳಿದವು.

ಆಪರೇಷನ್ ಆದ ಮರುದಿನ ಅಕ್ಕನನ್ನು ನೋಡಲು ಒಳಗೆ ಬಿಟ್ಟರು. ಬರುವಾಗ ಆಟೋದಲ್ಲಿ ಭಾವ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಗೊಣಗಿಕೊಳ್ಳುತ್ತಿದ್ದರು. ಮಂಚದ ಹತ್ತಿರ ಹೋದರು, ಬಾಯಿ ತೆರೆದರು, ನಿಂತರು. ಎಲ್ಲ ಮರೆತುಹೋಗಿತ್ತು. ಅಕ್ಕನ ಗಂಟಲಿಗೆ ಹಾಕಿದ್ದ ಕೊಳವೆಯನ್ನು ಆಗಷ್ಟೇ ತೆಗೆದಿದ್ದರು, ದನಿಯೇ ಇರಲಿಲ್ಲ. ಅರ್ಧ ಕಣ್ಣು ತೆರೆದು ಗಂಡನ ಅವಸ್ಥೆ ನೋಡಿದಳು. ತುಟಿ ಅಲುಗಿತು. ಪರದೆಯ ಹಿಂದಿನ ಅದೇ ಪಿಸುದನಿ.

"ಹೇಗಿದ್ದೀ..."

"ಹೇಗಿದ್ದೀಯೇ?" ಅಂದರು ಭಾವ, ಶುರುವಾಯಿತು. ರಾತ್ರಿ ಮನೆಯಲ್ಲಿ ಎರಡು ತಟ್ಟೆ ಹಾಕಿಕೊಂಡು ಕೂತದ್ದು, ಹಾಲಿನವನ ಮುಂದೆ ಬೆಪ್ಪಾಗಿ ನಿಂತದ್ದು, ನೀನಿಲ್ಲದಿದ್ದರೆ ನನಗೆ ಬದುಕೋಕೆ ಬರಲ್ಲ ಕಣೇ ಅನ್ನುವುದು, ಎಲ್ಲ ಒಂದೇ ಉಸಿರಿಗೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸಾಕು ನಡೀರಿ ಎಂದು ನರ್ಸು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗುವವರೆಗೂ ನಿಲ್ಲಿಸಲಿಲ್ಲ.

ಅಕ್ಕ ಬೆರಳಾಡಿಸಿ ನನ್ನನ್ನು ಹತ್ತಿರ ಕರೆದಳು. ಕಿವಿ ಕೊಟ್ಟೆ.

"ಮೊದಲ್ನೇದಷ್ಟೇ ಕಣೋ ನಾನು ಹೇಳ್ಕೊಟ್ಟಿದ್ದು" ಅಂದಳು. "ಮಿಕ್ಕಿದ್ದೆಲ್ಲ ಅವರದೇ."