ಹಸಿರು ಅಂಚಿನ ಗಂಟು

“ಈಕಿ ಕಾಲೇಜಿನ ಮೆಟ್ಲ ಹತ್ತಾಕಿ ಅಲ್ಲ” ಎಂದು ನನ್ನ ಕಡೆ ಕೈ ಮಾಡಿ ಹೇಳಿದವಳು ನಮ್ಮ ಆಯಿ, ಅವ್ವನ ಅವ್ವ. ಹೇಳಿದ್ದು ಹಳೆಯ ಪೇಪರು, ಬಾಟ್ಲಿ ಕೊಳ್ಳುವ ರದ್ದಿ ಕಾಕಾನ ಮುಂದೆ. ಕಾಕಾ ಆಗ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಹಳೆಯ ನೋಟಬುಕ್ಕುಗಳ ಪಿನ್ನು ಕೀಳುತ್ತಿದ್ದ. ಆತನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕತ್ತರಿಸಿದ ಅಂಚನ್ನು ಬಡಿದು ಮಡಚದೆ ಯಾರೋ ಕೊಟ್ಟ ಎಣ್ಣೆ ಡಬ್ಬಿಯ ತಗಡು ಎಂದೋ ಅದನ್ನು ಕಿತ್ತುಕೊಂಡು ಹೋಗಿತ್ತು. ಆ ಬೋಳು ಬೆರಳಿನಿಂದಲೇ ಪಿನ್ನು ಎತ್ತುತ್ತ, “ಹತ್ತತಾಳ ಬಿಡ್ರಿ ಆಯಿ. ಮೆಟ್ಲ ಏನ್ ಮುಗಿಲಿಗಿ ಹಚ್ಚ್ಯಾರೇನು?” ಎಂದ.

“ನೀ ನಿನ್ನ ತಕ್ಕಡಿ ನೋಡ್ಕೊಳಪಾ. ಅದು ಮೊದಲಿಂದೂ ಸುಳ್ಳ.”

“ತಕ್ಕಡಿ ಖರೇನ ಐತ್ರಿ. ನಿಮ್ಮ ರದ್ದೀನ ಹಗುರ.”

ಪ್ರತಿ ಸೋಮವಾರ ನಡೆಯುವ ಮಾತು ಅದು. ಎಪ್ಪತ್ತರ ದಶಕದ ಬಿಜಾಪುರದಲ್ಲಿ, ಕೋಟೆಗೋಡೆಗೆ ಹತ್ತಿದ ನಮ್ಮ ಓಣಿಗೆ ಕಾಕಾ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ. ಹೇಗೆ ಬೇಕೋ ಹಾಗೆ ತಂದು ಗಾಡಿಗೆ ಹಾಕಿದರೆ ಮುಟ್ಟುತ್ತಿರಲಿಲ್ಲ. ಬಾಟ್ಲಿಗಳನ್ನು ಬೂದಿ ಹಾಕಿ ತೊಳೆದು ಬೋರಲು ಇಟ್ಟು ಒಣಗಿಸಿರಬೇಕು. ಒಡೆದ ಗಾಜು ಬೇರೆಯೇ ಬರಬೇಕು. “ಹರಕ ಅರಿವ್ಯಾಗ ಸುತ್ತಿ ಕೊಡ್ರಿ. ನಮ್ಮ ಮನಿಯಾಕಿ ಬರಿಗೈಲೆ ಆರಿಸ್ತಾಳ” ಎನ್ನುತ್ತಿದ್ದ. “ಕಸಕ್ಕೂ ಜಳಕಾ ಮಾಡಸ್ತಾನ ಇಂವಾ” ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಒಂದು ದಿನವೂ ನಗದೆ ಆತ ಹೇಳಿದಂತೆ ಮಾಡಿದವಳು ನನ್ನ ಅವ್ವ. ವಕೀಲರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವಳಿಗೆ ಅವರು ಹಳೆಯ ಪೇಪರು ಕೊಡುತ್ತಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಪೇಪರನ್ನು ಅಂಚಿಗೆ ಅಂಚು ಕೂಡಿಸಿ, ತನ್ನ ಹಳೆಯ ಸೀರೆಯ ಹಸಿರು ಅಂಚು ಹರಿದು ಕಟ್ಟಿದರೆ ಅದು ಇಟ್ಟಿಗೆಯ ಹಾಗೆ ಕೂಡುತ್ತಿತ್ತು. ಉಳಿದವರ ಕಟ್ಟನ್ನೆಲ್ಲ ಕಾಕಾ ಬಿಚ್ಚಿ, ನಡುವೆ ಹಸಿ ಪೇಪರು ಇದೆಯೇ, ಕಲ್ಲು ಇದೆಯೇ ಎಂದು ನೋಡುತ್ತಿದ್ದ. ಅವ್ವನದನ್ನು ಮಾತ್ರ ಬಿಚ್ಚುತ್ತಿರಲಿಲ್ಲ. “ತಂಗಿ ಕಟ್ಟಿದ್ದು ಬಿಚ್ಚೂದಂದ್ರ ಆಕಿಗಿ ಅವಮಾನ ಮಾಡಿದಂಗ.”

ಮೆಟ್ರಿಕ್ ಪಾಸಾದೆ. ನಮ್ಮ ಮನೆಯಲ್ಲಿ ಟ್ರಂಕು ಇರಲಿಲ್ಲ. ಮಡಿಕೆ ಬೀಳಬಾರದೆಂದು ಅಂಕಪಟ್ಟಿಯನ್ನು ಪೇಪರುಗಳ ನಡುವೆ ಇಟ್ಟಿದ್ದೆ. ಸೋಮವಾರ ಅವ್ವ ಎಂದಿನಂತೆ ಅಂಚು ಕೂಡಿಸಿ ಕಟ್ಟಿದಳು, ಕಾಕಾ ಎಂದಿನಂತೆ ಬಿಚ್ಚದೆ ಒಯ್ದ. ಗುರುವಾರ ಕಾಲೇಜಿಗೆ ಹೆಸರು ಹಚ್ಚಲು ಕಡೆಯ ದಿನ. ಬುಧವಾರ ಬೆಳಿಗ್ಗೆ ಹುಡುಕಿದಾಗ ಅಲ್ಲಿ ಬರೀ ನೆಲ ಇತ್ತು.

ಕಾಕಾನ ಶೆಡ್ಡಿಗೆ ಓಡಿದೆ. ಕಟ್ಟು ಅಲ್ಲಿರಲಿಲ್ಲ. “ನಿಮ್ಮವ್ವನ ಕಟ್ಟ ಚೊಲೋ ಇರ್ತಾವಂತ ಹಂಗ ಟಿಕೋಟಾದ ಕಿರಾಣಿ ಅಂಗಡಿಗಿ ಕಳಿಸೇನಿ, ಬೇಟಾ” ಎಂದ.

“ಊರ ಮಂದೀದೆಲ್ಲಾ ಬಿಚ್ಚಿ ನೋಡ್ತೀಯಲ್ಲ ಕಾಕಾ, ನಮ್ಮದೊಂದ ಬಿಟ್ಟಿ” ಎಂದುಬಿಟ್ಟೆ. ಆ ಮಾತು ಇಂದಿಗೂ ನನಗೆ ಚುಚ್ಚುತ್ತದೆ. ಆತ ಶೆಡ್ಡಿಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಇಡೀ ದಿನ ಅವ್ವ ಬಾಗಿಲಲ್ಲೇ ಕೂತಿದ್ದಳು. ಆಯಿ ಮೆಟ್ಟಿಲ ಮಾತು ಎತ್ತಬಹುದು ಎಂದು ನಾನು ಹೆದರಿದ್ದೆ, ಆದರೆ ಆಕೆ ಮನೆಯ ಮೂಲೆ ಮೂಲೆ ಹುಡುಕುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಕಾ ಬಂದ. ತಲೆಯ ಮೇಲೆ ಇಡೀ ಕಟ್ಟು, ಬಿಚ್ಚದ ಹಸಿರು ಗಂಟು.

“ಒಂದ್ ಕಟ್ಟ ಆಗಲೇ ಬಿಚ್ಚಿ ಬೆಲ್ಲಾ ಕಟ್ಟಿ ಕೊಟ್ಟಿದ್ರು. ಬಗ್ಗಿ ನೋಡಿದೆ. ಅದು ನಿಮ್ಮದಲ್ಲ, ಸುತಳಿ ಕಟ್ಟಿದ್ದು. ನಂಗೂ ಕನ್ನಡ ಓದಾಕ ಬರಂಗಿಲ್ಲ. ಅದಕ ಹಾಳಿ ಹುಡಕಲಿಲ್ಲ, ತಂಗಿ ಗಂಟ ಹುಡಕಿದೆ” ಎಂದ. ಅವ್ವ ಗಂಟು ಬಿಚ್ಚಿದಳು. ಅಂಕಪಟ್ಟಿ ಒಂದು ಮಡಿಕೆಯೂ ಇಲ್ಲದೆ ಕೂತಿತ್ತು. ಮರುದಿನ ನಾನು ಮೆಟ್ಟಿಲು ಹತ್ತಿದೆ.

ಮುಂದಿನ ಸೋಮವಾರದಿಂದ ಆತ ನಮ್ಮ ಕಟ್ಟನ್ನೂ ಬಿಚ್ಚತೊಡಗಿದ. ಬಿಚ್ಚುವ ಮೊದಲು ಪ್ರತಿ ಸಲವೂ, “ತಪ್ಪ ತಿಳೀಬ್ಯಾಡ ತಂಗಿ” ಎನ್ನುತ್ತಿದ್ದ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಈಗ ನಮ್ಮ ಮನೆಯ ಮುಂದೆ ಕಸದ ವಾಹನ ಬರುತ್ತದೆ, ಬಾಟ್ಲಿ ತೊಳೆಯದಿದ್ದರೂ ಒಯ್ಯುತ್ತದೆ. ನಾನು ತೊಳೆದೇ ಕೊಡುತ್ತೇನೆ. ಒಡೆದ ಗಾಜನ್ನು ಅರಿವೆಯಲ್ಲಿ ಸುತ್ತುವಾಗೆಲ್ಲ ಆ ಉಗುರಿಲ್ಲದ ಬೆರಳು ಕಣ್ಣ ಮುಂದೆ ಬರುತ್ತದೆ.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು ನಾನು. ಕಾಕಾ ಇನ್ನೂ ಓಣಿಗೆ ಬರುತ್ತಿದ್ದ ಕಾಲ ಅದು; ಪದವಿ ಪತ್ರ ಬಂದ ಸೋಮವಾರ ಅದನ್ನು ಮೊದಲು ಆತನ ಕೈಗೇ ಕೊಟ್ಟೆ. ಆತ ಕೈಯನ್ನು ಅಂಗಿಗೆ ಒರೆಸಿಕೊಂಡು, ಹಾಳೆಯನ್ನು ಬೋಳು ಹೆಬ್ಬೆರಳಿನಿಂದ ಸವರಿ, ಅಂಗೈ ಮೇಲೆ ಇಟ್ಟು ತೂಗಿದ.

“ಹಾಳಿ ಗಟ್ಟಿ ಐತ್ರಿ ಆಯಿ. ಆದ್ರ ತೂಕಾನ ಇಲ್ಲ ನೋಡ್ರಿ.”

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ತೂಕ ಇಲ್ಲಂತ. ನಾ ಹೇಳಿಲ್ಲೇನು, ನಿನ್ನ ತಕ್ಕಡಿ ಮೊದಲಿಂದೂ ಸುಳ್ಳ.”