ಸೋಬಾನೆ ಎತ್ತುತ್ತಿದ್ದ ಹಾಲಮ್ಮಕ್ಕ

ಹಾಲಮ್ಮಕ್ಕ ಹಾಡು ಎತ್ತಿದರೆ ಬೀಗರ ಜಗಳ ನಿಲ್ಲುತ್ತಿತ್ತು. ಬಣ್ಣ ಕಟ್ಟಿ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದು. ಚೌಳಹಿರಿಯೂರಿನ ಒಂದು ಮದುವೆಯಲ್ಲಿ ಕಾಫಿ ತಣ್ಣಗಿತ್ತೆಂದು ಗಂಡಿನ ಕಡೆಯವರು ಚಪ್ಪರ ಹಾರಿಹೋಗುವಂತೆ ಕೂಗಾಡುತ್ತಿದ್ದರು. ಹೆಣ್ಣಿನ ಅಪ್ಪ ಕೈಮುಗಿದು ನಿಂತಿದ್ದರೂ ಕೇಳುವವರಿರಲಿಲ್ಲ. ಇವಳು ಹಸೆಯ ಪಕ್ಕದಲ್ಲಿ ಕೂತು, ಎಡಗೈಯನ್ನು ಕಿವಿಗೆ ಅಡ್ಡ ಹಿಡಿದು, ಸೋಬಾನೆಯ ಮೊದಲ ಸೊಲ್ಲು ಎತ್ತಿದಳು. ಮೈಕಿಲ್ಲ, ಮಣ್ಣಿಲ್ಲ. ಎರಡನೆಯ ಸೊಲ್ಲಿಗೆ ಕೂಗುತ್ತಿದ್ದವರು ಹೆಗಲ ಟವೆಲ್ಲು ಕೊಡವಿ ಕೂತರು. ತಣ್ಣಗಿನ ಕಾಫಿಯನ್ನೇ ಕುಡಿದರು.

ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬುಕ್ಕಾಂಬುಧಿಯ ಆ ಮನೆಗೆ ಸೊಸೆಯಾಗಿ ಹೋದಾಗ ಅತ್ತೆ ತೀರಿಹೋಗಿದ್ದರು. ಅತ್ತೆಯ ದರ್ಬಾರೂ ಅಕ್ಕನ ಅಕ್ಕರೆಯೂ ಎರಡೂ ಇವಳದೇ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು ಎಂದು ಬಂದ ದಿನವೇ ಕಿಚಾಯಿಸಿದಳು. "ಓದಿರೋ ಹುಡುಗಿ ಬಂದವ್ಳೆ ಕಣ್ರಪ್ಪಾ, ಇನ್ಮೇಲೆ ಸಾರಿಗೆ ಉಪ್ಪು ಎಷ್ಟು ಅಂತ ಪುಸ್ತಕ ನೋಡ್ಕೊಂಡು ಹಾಕ್ತಾಳೆ." ನನಗೆ ಸಿಟ್ಟು ಬಂತು. ಸಂಜೆ ನನ್ನ ತಟ್ಟೆಗೆ ಯಾರಿಗೂ ಕಾಣದಂತೆ ಇನ್ನೊಂದು ಹೋಳಿಗೆ ಇಟ್ಟಳು. ಸಿಟ್ಟು ಹೋಯಿತು.

ನಮ್ಮ ಕಡೆ ಸೋಬಾನೆ ಎತ್ತುವುದು ಸುಮ್ಮನೆ ಹಾಡುವುದಲ್ಲ. ಎತ್ತುವವಳು ಒಬ್ಬಳು, ಸೊಲ್ಲು ಹಿಡಿಯುವವರು ಉಳಿದವರು. ಎತ್ತಿದ ಹಾಡನ್ನು ನಡುವೆ ಬಿಡಬಾರದು, ಬಿಟ್ಟರೆ ಮದುಮಗಳ ಬಾಳಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಅದರ ಮೇಲೆ ನಮ್ಮ ಮನೆಯ ಮದುವೆಗಳಿಗೆ ಅತ್ತೆ ಹಾಕಿಕೊಟ್ಟ ಕಟ್ಟಳೆ ಬೇರೆ: ಚಪ್ಪರ ಹಾಕಿದಂದಿನಿಂದ ಧಾರೆ ಮುಗಿಯುವವರೆಗೂ ಹಾಡು ಎತ್ತುವವಳು ಹಾಲು, ಹಣ್ಣು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿಲ್ಲ. ಹಾಲಮ್ಮಕ್ಕ ಅದನ್ನು ಒಂದು ಸಲವೂ ಮುರಿದವಳಲ್ಲ.

ಅಂಥವಳಿಗೆ ಹೆದರಿಕೆ ಬಂತು. ಅಜ್ಜಂಪುರದ ಸಂತೆ ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. ಉಗುರು ಒಳಗಿಳಿಯುವಷ್ಟು ಬಿಗಿಯಾಗಿ. "ಸರೋಜಿ, ಬಸ್ ನಿಲ್ಸೋಕೆ ಹೇಳೇ. ನನ್ನ ಎದೆ ಒಡೆದ್ಹೋಗ್ತದೆ." ಮುಖ ಬಿಳಿಚಿತ್ತು, ರವಿಕೆ ಬೆವರಿನಲ್ಲಿ ತೊಯ್ದಿತ್ತು. ಕಂಡಕ್ಟರನ ಬೈಗುಳ ಕೇಳಿಸಿಕೊಂಡು ದಾರಿಯಲ್ಲೇ ಇಳಿದೆವು. ಹುಣಸೆಮರದ ಕೆಳಗೆ ಕೂತು ಸ್ವಲ್ಪ ಹೊತ್ತಿಗೆ ಸರಿಹೋದಳು. ಸರಿಹೋದಳು ಎಂದು ನಾವು ತಿಳಿದೆವು.

ಆಮೇಲೆ ಅದು ಹೇಳದೆ ಕೇಳದೆ ಬರತೊಡಗಿತು. ಒಲೆಯ ಮುಂದೆ ಕೂತಾಗ, ಕೆರೆ ಏರಿಯ ಮೇಲೆ ನಡೆಯುವಾಗ, ಯಾರೋ ಜೋರಾಗಿ ಬಾಗಿಲು ಹಾಕಿದಾಗ. ಮೊದಲು ಸಂತೆ ಬಿಟ್ಟಳು, ಆಮೇಲೆ ಕೆರೆ ಬಿಟ್ಟಳು, ಆಮೇಲೆ ಜಗಲಿಗೆ ಬಂದು ಕೂರುವುದನ್ನೂ ಬಿಟ್ಟಳು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದೆವು. ದೃಷ್ಟಿ ಎಂದರು, ಮೆಣಸಿನಕಾಯಿ ನಿವಾಳಿಸಿದೆವು. ಕೊನೆಗೆ ಅಜ್ಜಂಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಎದೇಲಿ ಏನೂ ಇಲ್ಲಮ್ಮ" ಎಂದರು. ಅಷ್ಟು ಸಂಕಟದಲ್ಲೂ ಅವಳ ನಾಲಿಗೆ ಸುಮ್ಮನಿರಲಿಲ್ಲ. "ಏನೂ ಇಲ್ದೇನೇ ಹಿಂಗೆ ಹೊಡ್ಕೊತದಲ್ಲ ಸ್ವಾಮಿ, ಏನಾದ್ರೂ ಇದ್ದಿದ್ರೆ ಇನ್ನೆಂಗೆ ಹೊಡ್ಕೊತಿತ್ತು?"

ಡಾಕ್ಟರು ನಕ್ಕು, ಇದು ಮನಸ್ಸಿನ ಹೆದರಿಕೆ, ಔಷಧಿ ಇದೆ ಎಂದು ಹಳದಿ ಮಾತ್ರೆ ಕೊಟ್ಟರು. ಹೆದರಿಕೆ ಅಡಗಿತು, ಸುಳ್ಳು ಹೇಳಬಾರದು. ಆದರೆ ಅದರ ಜೊತೆಗೆ ಹಾಲಮ್ಮಕ್ಕನೂ ಅಡಗಿದಳು. ಮೊರ ಹಿಡಿದು ಕೂತಲ್ಲೇ ತೂಕಡಿಸುವಳು. ನಾಲಿಗೆ ದಪ್ಪ, ಮಾತು ಎಳೆತ. ಸಾರಿಗೆ ಎರಡು ಸಲ ಉಪ್ಪು ಹಾಕಿ, ನಾನು ಮುಖ ಕಿವುಚಿದರೆ ಪಿಳಿಪಿಳಿ ನೋಡುವಳು. ರುದ್ರಪ್ಪ ಭಾವ, ಅವಳ ಗಂಡ, ಮಾತು ಕಮ್ಮಿಯ ಮನುಷ್ಯ. ಒಂದು ದಿನ ಹಿತ್ತಲಲ್ಲಿ ನನ್ನ ಹತ್ತಿರ ಹೇಳಿದರು. "ಮಾತ್ರೆ ತಗೊಂಡ್ರೆ ಮಲಗ್ತಾಳೆ, ತಗೊಳ್ದಿದ್ರೆ ಹೆದರ್ತಾಳೆ. ಎದ್ದು ಓಡಾಡೋ ಹೆಂಡ್ತಿ ಎಲ್ಲಿ ಹೋದ್ಳಮ್ಮ?"

ಆ ವರ್ಷ ಹಿರೇನಲ್ಲೂರಿನ ಮದುವೆಗೆ ಅವಳನ್ನು ಕರೆದರು. ಅರಿಸಿನ ಹಚ್ಚುವಾಗ ಹಾಡು ಎತ್ತಿದಳು. ಅರ್ಧಕ್ಕೆ ಬಂದವಳು ನಿಂತುಬಿಟ್ಟಳು. ಮುಂದಿನ ಸೊಲ್ಲು ಬರಲಿಲ್ಲ. ಹಿಡಿಯುವವರು ಬಾಯಿ ತೆರೆದು ಕಾದರು. ಮದುಮಗಳು ಅರಿಸಿನದ ಮುಖ ಎತ್ತಿ ನೋಡಿದಳು. ಹಾಲಮ್ಮಕ್ಕ ಹೇಗೋ ಮೊದಲ ಸೊಲ್ಲನ್ನೇ ಮತ್ತೆ ಹೇಳಿ ದಡ ಸೇರಿಸಿದಳು. ಆದರೆ ಹಿರಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡದ್ದು ನನಗೂ ಕಂಡಿತು, ಅವಳಿಗೂ ಕಂಡಿತು. ಮನೆಗೆ ಬಂದ ಮೇಲೆ ಹೇಳಿದಳು. "ಭಯ ಹೋಯ್ತು ಕಣೇ ಸರೋಜಿ. ಹೋಗ್ವಾಗ ನನ್ನ ಹಾಡೂ ಹೊತ್ಕೊಂಡು ಹೋಯ್ತು."

ಅಷ್ಟರಲ್ಲಿ ನಮ್ಮ ನಾದಿನಿ ಪುಷ್ಪಳ ಮದುವೆ ಗೊತ್ತಾಯಿತು. ತಾಯಿ ಸತ್ತಾಗ ಪುಷ್ಪ ಚಿಕ್ಕವಳು, ಎಣ್ಣೆ ಹಚ್ಚಿ ಜಡೆ ಹಾಕಿ ಬೆಳೆಸಿದವಳು ಹಾಲಮ್ಮಕ್ಕ. ಆ ಮದುವೆಯಲ್ಲಿ ಹಾಡು ಎತ್ತುವವಳು ಬೇರೆ ಯಾರು? ಅವಳಿಗಂತೂ ಇನ್ನೊಂದು ಯೋಚನೆ ಇರಲಿಲ್ಲ. ಚಪ್ಪರ ಹಾಕುವ ಮೊದಲೇ ಗಂಟಲು ತಿಳಿಯಾಗಲೆಂದು ಮಾತ್ರೆ ನಿಲ್ಲಿಸಿಬಿಟ್ಟಳು. ಒಂದೇ ಸಲಕ್ಕೆ, ಯಾರನ್ನೂ ಕೇಳದೆ. ನನಗೆ ತಿಳಿದದ್ದು ಚಪ್ಪರದ ದಿನ. "ಅಕ್ಕ, ಹಾಲಲ್ಲಿ ಒಂದು ನುಂಗಮ್ಮ" ಎಂದು ಕಾಲು ಹಿಡಿಯುವುದೊಂದು ಬಾಕಿ. "ಸುಮ್ನಿರೇ. ಪೇಟೆ ಮಾತ್ರೆ, ಯಾವ ಮೂಳೆ ಪುಡಿ ಹಾಕವ್ರೋ ಏನೋ. ಅತ್ತೆ ಹಾಕಿದ ಗೆರೆ ನನ್ನ ಪುಷ್ಪಿ ಮದ್ವೇಲಿ ದಾಟ್ಲಾ?"

ನನಗೆ ತಿಳಿಯುವ ಮೊದಲಿನ ಆ ದಿನಗಳಲ್ಲಿ ಅವಳ ಕಣ್ಣಲ್ಲಿ ಹೊಳಪು ಬಂದಿತ್ತು. ದನಿಯೂ ಬಂದಿತ್ತು. ಕೊಟ್ಟಿಗೆಯಲ್ಲಿ ಹಳೆಯ ಹಾಡುಗಳನ್ನು ತಿರುವಿ ಹಾಕುತ್ತಿದ್ದಳು. ನಾನೂ ಮರುಳಾದೆ, ವಾಸಿಯಾದಳೇನೋ ಎಂದುಕೊಂಡೆ. ಆಮೇಲೆ ನಿದ್ದೆ ಹೋಯಿತು. ಕೈ ನಡುಗತೊಡಗಿತು. ಧಾರೆಯ ಬೆಳಿಗ್ಗೆ ವಾಲಗದವರು ಡೋಲಿಗೆ ಮೊದಲ ಪೆಟ್ಟು ಹಾಕಿದ್ದೇ ತಡ, ಅವಳ ದವಡೆ ಕಟಕಟ ಎನ್ನತೊಡಗಿತು. ಕಿವಿಗೆ ಕೈ ಇಟ್ಟಳು, ಬಾಯಿ ತೆರೆದಳು. ದನಿ ಹೊರಡಲಿಲ್ಲ. ಎದ್ದವಳೇ ಹಿತ್ತಲ ಬಾಗಿಲಿನಿಂದ ಹುಲ್ಲಿನ ಬಣವೆಯ ಹಿಂದೆ ಹೋಗಿ ಮುದುಡಿ ಕೂತಳು.

ಚಪ್ಪರವೆಲ್ಲ ನನ್ನನ್ನು ನೋಡಿತು. ನನ್ನದೋ ಕತ್ತೆ ಗಂಟಲು. ಆದರೂ ಎತ್ತಿದೆ. ಏನು ಹಾಡಿದೆನೋ ಶಿವನೇ ಬಲ್ಲ. ಪುಷ್ಪ ಅಳುತ್ತಾ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು. ಧಾರೆ ಮುಗಿದದ್ದೇ ಬಣವೆಯ ಹತ್ತಿರ ಓಡಿದೆ. ಭಾವ ಅವಳನ್ನು ಮಗುವಿನಂತೆ ಹಿಡಿದು ಕೂತಿದ್ದರು. ಹೊಸ ಪಂಚೆಯ ತುಂಬ ಹುಲ್ಲಿನ ಕಸ. "ಸರೋಜಿ, ನನ್ನ ಮಗೀಗೆ ಕೆಡುಕು ಮಾಡ್ಬಿಟ್ಟೆನಲ್ಲೇ" ಎಂದು ಅವಳು ಕೂಗಿದಳು. ಮದುವೆಮನೆಯಲ್ಲಿ ಮಾತ್ರ ಒಂದೇ ಪಿಸುಮಾತು: ಬುಕ್ಕಾಂಬುಧಿಯ ಹಾಲಮ್ಮನಿಗೆ ತಲೆ ಕೆಟ್ಟಿದೆ. ಹೋಳಿಗೆ ಉಂಡ ಬಾಯಲ್ಲೇ ಹಾಗೆ ಆಡಿದರು, ಹಾಳಾದವರು!

ಶಿವಮೊಗ್ಗದಿಂದ ತಿಂಗಳಿಗೊಮ್ಮೆ ತರೀಕೆರೆಗೆ ಬರುವ ಡಾಕ್ಟರೊಬ್ಬರಿದ್ದಾರೆ, ಇಂಥ ಕಾಯಿಲೆಗೇ ಓದಿದವರು ಎಂದು ಅಜ್ಜಂಪುರದ ಡಾಕ್ಟರೇ ಹೇಳಿದರು. ಭಾವ ಬಾಡಿಗೆ ಕಾರು ಮಾಡಿದರು. ಆ ಡಾಕ್ಟರು ಅವಳ ಕಥೆಯನ್ನೆಲ್ಲ ಕೇಳಿದರು, ಕಟ್ಟಳೆಯನ್ನೂ ಕೇಳಿದರು, ನಗಲಿಲ್ಲ. "ನೋಡಮ್ಮ, ನಿನಗೇನೂ ಹುಚ್ಚಿಲ್ಲ. ಓಡೋ ಗಾಡಿ ಎತ್ತಿನ ಕೊರಳ ಹಗ್ಗ ನಡುದಾರೀಲಿ ಒಂದೇ ಸಲಕ್ಕೆ ಕೊಯ್ದ್ರೆ ಏನಾಗ್ತದೆ? ಎತ್ತೂ ಬೀಳ್ತದೆ, ಗಾಡೀನೂ ಬೀಳ್ತದೆ. ಈ ಮಾತ್ರೇನೂ ಹಂಗೇ. ಬಿಡಬಹುದು, ಆದ್ರೆ ಮೆತ್ತಗೆ ಬಿಡಬೇಕು" ಎಂದರು. ಹಳದಿ ಮಾತ್ರೆಯನ್ನು ಮತ್ತೆ ಶುರು ಮಾಡಿ, ವಾರ ಕಳೆದಂತೆ ಮುಕ್ಕಾಲು, ಅರ್ಧ, ಕಾಲು ಎಂದು ಇಳಿಸಬೇಕು. ಅದು ಇಳಿಯುವಾಗ ಇನ್ನೊಂದು ಮಾತ್ರೆ ಏರಬೇಕು. "ಹೊಸದು ಮೊದಮೊದಲು ಕಾಟವನ್ನೇ ಕೊಡ್ತದೆ. ಗುಣ ಆಮೇಲೆ ಕಾಣ್ತದೆ. ನಡುವೆ ಬಿಟ್ಟು ಓಡಬೇಡ."

ಮಾತ್ರೆ ಕತ್ತರಿಸುವ ಕೆಲಸ ನನ್ನದು, ಅಡಕತ್ತರಿಯಲ್ಲಿ. ಹೊಸ ಮಾತ್ರೆಯ ಕಾಟ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜು. ಎದ್ದರೆ ತಲೆಸುತ್ತು. ಹೊಟ್ಟೆಯಂತೂ ಕಲ್ಲು. ಅದಕ್ಕೆಲ್ಲ ಅವಳದೇ ಉಪಾಯಗಳು ಹುಟ್ಟಿಕೊಂಡವು. ಹಾಸಿಗೆಯಿಂದ ಏಳುವ ಮೊದಲು ಕೂತು, "ಏಳ್ಲಾ ತಾಯಿ?" ಎಂದು ನೆಲವನ್ನು ಕೇಳುವಳು, ಆಮೇಲೆ ಗೋಡೆ ಹಿಡಿದು ಏಳುವಳು. ಒಣಗಿದ ನೆಲ್ಲಿಕಾಯಿ ಚೂರು ಸದಾ ದವಡೆಯಲ್ಲಿ. ಪಕ್ಕದಲ್ಲಿ ನೀರಿನ ಚೆಂಬು. ರಾತ್ರಿ ಊಟಕ್ಕೆ ಬಾಳೆಹಣ್ಣು, ಬೆಳಿಗ್ಗೆ ಬಿಸಿನೀರು. "ಹಳೇದು ಅತ್ತೆ ಕಣೇ, ಹೊಡೆದು ಮಲಗಿಸ್ತಿತ್ತು. ಇದು ಸವತಿ, ಮುಟ್ಟದೇನೇ ಸಾಯಿಸ್ತದೆ" ಎನ್ನುವಳು. ಎಷ್ಟೋ ಸಲ ಮಾತ್ರೆಯನ್ನು ಹಿತ್ತಲಿಗೆ ಎಸೆಯಲು ಹೋಗಿದ್ದಾಳೆ. ನಾನು ಕೈ ಹಿಡಿದು ಜಗಳವಾಡಿದ್ದೇನೆ. ಅತ್ತಿದ್ದೇವೆ ಇಬ್ಬರೂ.

ಒಂದು ದಿನ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ, "ಇವತ್ತು ಬಂದಿಲ್ಲ ಅಲ್ವೇನೇ?" ಎಂದಳು. "ಏನಕ್ಕ?" ಎಂದೆ. "ಅದೇ ಕಣೇ, ಅದು. ನಿನ್ನೇನೂ ಬರ್ಲಿಲ್ಲ." ಮರುವಾರ ಕೆರೆ ಏರಿಯ ಮೇಲೆ ನಡೆದಳು. ಆಮೇಲೆ ನನ್ನ ಜೊತೆ ಸಂತೆಗೆ ಬಂದಳು. ಬಸ್ಸಿನಲ್ಲಿ ಸರಳು ಬಿಗಿಯಾಗಿ ಹಿಡಿದಿದ್ದಳು, ಆದರೆ ಇಳಿಯಲಿಲ್ಲ. ನಾನು ಅಜ್ಜಂಪುರದಲ್ಲಿ ಅವಳಿಗೆ ಮಲ್ಲಿಗೆ ಮುಡಿಸಿದೆ.

ಗಂಟಲು ಮಾತ್ರ ಬರಲಿಲ್ಲ. ಒಣಬಾಯಲ್ಲಿ ದನಿ ಎರಡು ಸೊಲ್ಲಿಗೆ ಒಡೆಯುತ್ತಿತ್ತು. ತರೀಕೆರೆಯ ಡಾಕ್ಟರನ್ನು ನಾನೇ ಕೇಳಿದೆ. ಬೇರೆ ಮಾತ್ರೆ ನೋಡಬಹುದು, ಆದರೆ ಹೆದರಿಕೆ ಮರಳಿದರೂ ಮರಳಬಹುದು, ನೀವೇ ಯೋಚನೆ ಮಾಡಿ ಎಂದರು. ಹಾಲಮ್ಮಕ್ಕ ಮನೆಗೆ ಬಂದು ನಡುಮನೆಯಲ್ಲಿ ಕೂತು ಮನಸೋ ಇಚ್ಛೆ ಅತ್ತಳು. ಆಮೇಲೆ ಮುಖ ತೊಳೆದು ಬಂದು ಹೇಳಿದಳು. "ಹಾಡೋಕೆ ಬೇರೆಯೋರು ಹುಟ್ತಾರೆ ಕಣೇ. ನನ್ನ ಎದೆ ಒಳಗೆ ನಾನೇ ಬದುಕ್ಬೇಕಲ್ಲ. ಹೆದ್ರಿಕೆ ಇಲ್ದಿರೋ ಎದೆ ಬೇಕು ನನಗೆ. ಗಂಟಲು ಹೋದ್ರೆ ಹೋಗ್ಲಿ."

ಅಲ್ಲಿಂದ ಮದುವೆಗಳಲ್ಲಿ ಸೊಲ್ಲು ಹಿಡಿಯುವವರ ಹಿಂದೆ ಕೂರುತ್ತಿದ್ದಳು. ಎತ್ತುತ್ತಿದ್ದವಳು ಹಿಡಿಯುವುದೆಂದರೆ ಎಂಥ ಸಂಕಟವೋ, ನಮಗೇನು ಗೊತ್ತು. 'ಮಾತ್ರೆ ಹಾಲಮ್ಮ' ಎಂದು ಊರಿನಲ್ಲಿ ಹೆಸರಾಯಿತು. ಹಾಗೆ ಆಡಿಕೊಂಡ ಒಬ್ಬಾಕೆಯೇ ಒಂದು ದಿನ ಗುಟ್ಟಾಗಿ ಬಂದು, ನನಗೂ ಎದೆ ಹಾರುತ್ತದೆ, ಒಂದೆರಡು ಮಾತ್ರೆ ಕೊಡು ಎಂದಳು. "ನನ್ನ ಚಪ್ಲಿ ನಿನ್ನ ಕಾಲಿಗಾಗ್ತದೇನೇ? ಬಾ, ತರೀಕೆರೆಗೆ ನಾನೇ ಕರ್ಕೊಂಡೋಯ್ತೀನಿ" ಎಂದಳು ಹಾಲಮ್ಮಕ್ಕ. ಕರೆದುಕೊಂಡೂ ಹೋದಳು. ಪುಷ್ಪ ಎರಡು ಮಕ್ಕಳ ತಾಯಿಯಾಗಿ ಸುಖವಾಗಿದ್ದಳು. ಅವಳು ತೌರಿಗೆ ಬಂದಾಗಲೆಲ್ಲ ಹಾಲಮ್ಮಕ್ಕ ಅವಳ ಮುಖವನ್ನು ನೋಡುತ್ತಾ ಕೂರುತ್ತಿದ್ದಳು.

ನನ್ನ ಗಂಡನಿಗೆ ಕಡೂರಿನ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಎಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಕರುಳಿನ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಕೈಕಾಲು ತಣ್ಣಗಾಗಿ ಉಸಿರು ಮೇಲಕ್ಕೇ ನಿಂತಿತ್ತು. ನೋಡಿದರೆ ಬಾಗಿಲಲ್ಲಿ ಹಾಲಮ್ಮಕ್ಕ! ಅಜ್ಜಂಪುರದಿಂದ ಬೆಳಗಿನ ರೈಲು ಹತ್ತಿ ಬಂದಿದ್ದಳು, ಒಬ್ಬಳೇ. ಪಕ್ಕ ಕೂತು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. "ಉಸಿರು ಬಿಡೇ. ಮೆತ್ತಗೆ ಬಿಡು. ಇದು ಬತ್ತದೆ, ಹೋಯ್ತದೆ. ಸಾಯಲ್ಲ ನೀನು. ನಾನೆಷ್ಟು ಸಲ ಸತ್ತಿದೀನಿ ನೋಡು, ಇನ್ನೂ ಇಲ್ಲೇ ಇದೀನಿ." ಆಪರೇಷನ್ ಮುಗಿಯುವವರೆಗೂ ಕೈ ಬಿಡಲಿಲ್ಲ. ಆ ಒಡಕು ದನಿಯಲ್ಲಿ ಏನೋ ಗುನುಗುತ್ತಿದ್ದಳು. ನಾನು ಅವಳ ಬಾಯಿಂದ ಕೇಳಿದ ಕೊನೆಯ ಹಾಡು ಅದು. ಸಂಜೆ ರೈಲಿಗೆ ಹೊರಟವಳನ್ನು ಬಾಗಿಲವರೆಗೆ ಕಳುಹಿಸಿಕೊಟ್ಟೆ. ಅದೇ ಕೊನೆಯ ಭೇಟಿ.

ಮರುವರ್ಷ ಈರುಳ್ಳಿ ಕೀಳುವ ಕಾಲದಲ್ಲಿ ತೀರಿಕೊಂಡಳು. ಹೃದಯಾಘಾತ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಭಾವ ಜಗಲಿಯ ಮೇಲೆ ಕೂತು ನೆಲ ನೋಡುತ್ತಾ ಹೇಳಿದರು. "ಮಧ್ಯಾಹ್ನ ಉಂಡು ತೋಟಕ್ಕೆ ಹೊರಟಿದ್ದೆ ಕಣಮ್ಮ. ಯಾಕೋ ಎದೆ ಹೊಡ್ಕೊತದೆ ಅಂದ್ಲು. ಕೂರ್ಲೇನೇ ಅಂದೆ. ನೀವು ಹೋಗಿ, ಇದು ಬತ್ತದೆ, ಹೋಯ್ತದೆ, ನನಗೆ ಗೊತ್ತಿಲ್ವಾ ಅಂದ್ಲು. ನಗ್ತಾನೇ ಅಂದ್ಲು. ಹೋದೆ."

ಡಾಕ್ಟರ ಮಾತು ನಂಬಿ ಕೆಟ್ಟಳು, ಹೆದರಿ ನಾಲ್ಕು ಜನರನ್ನು ಕೂಗಿದ್ದರೆ ಉಳಿಯುತ್ತಿದ್ದಳು ಎಂದು ಊರಿನವರು ಅಂದರು. ಇರಬಹುದು. ನನಗೂ ಹಾಗೆ ಅನ್ನಿಸಿ ನಿದ್ದೆ ಬರದ ದಿನಗಳಿವೆ. ಆದರೆ ಗಂಟಲು ಕೊಟ್ಟು ಆ ಎದೆಯನ್ನು ಪಡೆದವಳು ಅವಳು. ಬಣವೆಯ ಹಿಂದೆ ಮುದುಡಿದ್ದವಳನ್ನು ನಾನು ನೋಡಿದ್ದೇನೆ, ಊರಿನವರು ನೋಡಿಲ್ಲ. ನನ್ನ ಹಾಲಮ್ಮಕ್ಕ ಹೆದರದೆ ಹೋದಳು.