ನೀರುನಾಯಿಗಳನ್ನು ಓಡಿಸಿದ ಬೆಳಗು

ಎಪ್ಪತ್ತರ ದಶಕದಲ್ಲಿ ನಾನು ಬೆಳಕವಾಡಿಗೆ ಮೇಷ್ಟ್ರಾಗಿ ಹೋದಾಗ ಸಿಕ್ಕ ಬಾಡಿಗೆ ಮನೆಯ ಬಾವಿನೀರು ಎಷ್ಟು ಸವುಳೆಂದರೆ, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ. ಹಾಗಾಗಿ ಬೆಳಗಾಗುತ್ತಲೇ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಳೆಗೆ ಹೋಗುತ್ತಿದ್ದೆ. ಮಂಡ್ಯಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ; ಟಪಾಲಿನ ದಾರಿ ಕಾಯುವವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಆ ಚಡಪಡಿಕೆ ನಿಮಗೂ ಗೊತ್ತಿದ್ದೀತು.

ಒಂದು ಮುಂಜಾನೆ ಅಲ್ಲಿ ನೀರುನಾಯಿಗಳನ್ನು ಕಂಡೆ. ಎರಡು ದೊಡ್ಡವು, ಮೂರು ಮರಿ. ತಾಯಿ ಮರಿಯ ಕತ್ತು ಹಿಡಿದು ನೀರಿಗೆಳೆಯುವುದು, ಅದು ಕೀರಲು ದನಿಯಲ್ಲಿ ರಂಪ ಮಾಡಿ ಮತ್ತೆ ಬಂಡೆ ಹತ್ತುವುದು. ದಿನವೂ ಸದ್ದಿಲ್ಲದೆ ಕೂತು ನೋಡಿದೆ. ಹದಿನೈದು ದಿನದಲ್ಲಿ ಅವು ನನ್ನನ್ನೂ ಒಂದು ಬಂಡೆಯೆಂದೇ ಎಣಿಸಿ, ಹತ್ತು ಮಾರು ದೂರದಲ್ಲೇ ಕರಕರನೆ ಮೀನು ಅಗಿಯತೊಡಗಿದವು. ಅಷ್ಟು ಹೊತ್ತು ಮಾತ್ರ ನನಗೆ ಮಂಡ್ಯ ನೆನಪಾಗುತ್ತಿರಲಿಲ್ಲ.

ಹೊಳೆಯಲ್ಲಿ ಮೀನು ಹಿಡಿಯುವ ನಿಂಗಯ್ಯ ಒಂದು ಸಂಜೆ ಹರಿದ ಬಲೆಯನ್ನು ತಂದು ನನ್ನ ಜಗಲಿಯ ಮೇಲೆ ಹರವಿದ.

"ನೋಡಿ ಮೇಷ್ಟ್ರೆ, ನೀವು ಕುಂತು ನೋಡ್ತೀರಲ್ಲ, ಆ ನೀರ್ನಾಯ್ಗಳ ಕೆಲ್ಸ! ನಾಳೀಕೆ ಮೀನ್ಗೆ ಇಸ ತುಂಬಿ ಬಂಡೆ ಮೇಲೆ ಮಡಗ್ತೀನಿ."

"ಬೇಡ ನಿಂಗಯ್ಯ, ಮರಿಗಳಿವೆ."

"ನಮ್ಮನೇಲೂ ಮರಿಗಳವೆ ಕಣ್ರೀ."

ನಾನು ಬಲೆಯನ್ನು ಎತ್ತಿ ಹಿಡಿದು ನೋಡಿದೆ. ಬಲೆಯ ತೂತಿನಲ್ಲಿ ನನ್ನ ತಲೆ ತೂರುವಂತಿತ್ತು.

ಮರುದಿನ ಅವನಿಗಿಂತ ಮುಂಚೆ ಹೋದೆ. ಅವು ಎಂದಿನಂತೆ ಬಂಡೆಯ ಮೇಲಿದ್ದವು. ಒಂದು ಮರಿ ನನ್ನನ್ನು ನೋಡಿಯೂ ಹೊರಳಿ ಮಲಗಿತು. ಒದ್ದೆ ಪಂಚೆಯನ್ನು ಕಲ್ಲಿಗೆ ರಪರಪ ಬಡಿದೆ. ಕೂಗಿದೆ. ಅದಕ್ಕೂ ಜಗ್ಗದಿದ್ದಾಗ ಕಲ್ಲೆಸೆದೆ. ತಾಯಿ ತಲೆಯೆತ್ತಿ, ಗುರುತು ಸಿಗದವನನ್ನು ನೋಡುವಂತೆ ನನ್ನನ್ನು ನೋಡಿ, ಮರಿಯನ್ನು ಕಚ್ಚಿಕೊಂಡು ನೀರಿಗಿಳಿಯಿತು. ಐದು ತಲೆಗಳು ಸಾಲಾಗಿ ಹೊಳೆಯ ಕೆಳಗಣ ತಿರುವಿನಲ್ಲಿ, ಜೊಂಡಿನಾಚೆ ಮರೆಯಾದವು.

ತಿರುಗಿದರೆ ನಿಂಗಯ್ಯ ನಿಂತಿದ್ದ, ಕೈಯಲ್ಲಿ ಎಲೆಯ ಪೊಟ್ಟಣ. ಬೈಯುತ್ತಾನೆಂದುಕೊಂಡೆ.

"ಒಂಟೋದ್ವಾ?" ಎಂದ.

"ಹೋದವು."

"ಓಗ್ಲಿ ಬುಡಿ. ನಂಗೂ ರಾತ್ರಿಯೆಲ್ಲ ಕಣ್ಣು ಅತ್ನಿಲ್ಲ," ಎಂದವನೇ ಆಳವಾಗಿ ಗುಣಿ ತೋಡಿ ಪೊಟ್ಟಣವನ್ನು ಹೂತ.

ಅವನು ಹಗುರಾಗಿ ಹೋದ. ನಾನು ಹಗುರಾಗಲಿಲ್ಲ. ಒಂದು ಜೀವ ನಮ್ಮನ್ನು ನಂಬಲು ಎಷ್ಟೋ ದಿನ ಹಿಡಿಯುತ್ತದೆ. ಆ ನಂಬಿಕೆ ಮುರಿಯಲು ಒಂದು ಕಲ್ಲು ಸಾಕು, ಅದನ್ನು ಪ್ರೀತಿಯಿಂದಲೇ ಎಸೆದಿದ್ದರೂ. ವರ್ಗದ ಆದೇಶ ಬಂದ ದಿನವೂ ಹೊಳೆಗೆ ಹೋಗಿ ಜೊಂಡಿನತ್ತ ಕಣ್ಣು ನೆಟ್ಟು ನಿಂತಿದ್ದೆ. ಅವು ಮರಳಿ ಬರಬಾರದೆಂದು ಓಡಿಸಿದವನೂ ನಾನೇ, ಬಂದಾವೇನೋ ಎಂದು ಕಾದವನೂ ನಾನೇ.